ಅರವತ್ತನಾಲ್ಕು ಸೆಕೆಂಡಿನ ಚಾಂಪಿಯನ್

ವೋಲೋಸ್ ಬಂದರಿನ ಹಿಂದಿನ ಬೀದಿಯಲ್ಲಿ ಅಸಿಮಿನಾಳ ಟೀವಿ ರಿಪೇರಿ ಅಂಗಡಿ ಇತ್ತು. ಹಡಗಿನವರು ಜಪಾನಿನ ಯೊಕೊಹಾಮಾದಿಂದ ತರುವ ವಿಡಿಯೋ ಗೇಮುಗಳು ನಮ್ಮ ಕಡೆ ಮಾರುವ ಯಂತ್ರಗಳಲ್ಲಿ ನಡೆಯುತ್ತಿರಲಿಲ್ಲ. ಒಂದು ದೇಶದ ಆಟವನ್ನು ಇನ್ನೊಂದು ದೇಶದಲ್ಲಿ ಆಡದಂತೆ ತಯಾರಿಸಿದವರೇ ಬೀಗ ಹಾಕಿ ಕಳಿಸುತ್ತಿದ್ದರು. ಅಸಿಮಿನಾ ಯಂತ್ರ ಬಿಚ್ಚಿ, ಅಡ್ಡವಿದ್ದ ಪ್ಲಾಸ್ಟಿಕ್ ಹಲ್ಲು ಮುರಿದು, ತಂತಿ ಬೆಸೆದು, ಹಿಂಬದಿಗೆ ಯಂತ್ರವನ್ನು ಜಪಾನಿನ ರೀತಿಗೆ ಬದಲಿಸುವ ಸಣ್ಣದೊಂದು ಸ್ವಿಚ್ಚು ಕೂರಿಸುತ್ತಿದ್ದಳು.

ಆ ಬೇಸಿಗೆಯಲ್ಲಿ ಒಂದು ಯಂತ್ರವನ್ನು ಪರೀಕ್ಷಿಸುತ್ತ ಸ್ವಿಚ್ಚು ಒತ್ತಿದಾಗ ಆಟದ ಹಾಡು ಅವಸರ ಮಾಡಿತು. ಕಾರುಗಳೂ. ಮತ್ತೆರಡು ಸಲ ಒತ್ತಿ ನೋಡಿದಳು. ನಮ್ಮ ಟೀವಿಗೆ ಹೊಂದಲೆಂದು ನಮಗೆ ಮಾರಿದ ಆಟ ಆರರಲ್ಲಿ ಒಂದು ಪಾಲು ನಿಧಾನವಾಗಿ ಓಡುತ್ತಿತ್ತು. ಪರದೆಯ ಮೇಲಿನ ಗಡಿಯಾರವೂ ಅದರ ಜೊತೆಗೇ ನಿಧಾನ. ಊರೆಲ್ಲ ಅದನ್ನೇ ವೇಗವೆಂದುಕೊಂಡಿತ್ತು.

ಅವಳು ಇದನ್ನು ತನ್ನ ತಮ್ಮ ಪಂದೇಲಿಸನಿಗೆ ಹೇಳಲಿಲ್ಲ. ಎಳವೆಯಲ್ಲೇ ಕಾಲು ಸೊರಗಿದ ಅವನನ್ನು ಬೀದಿ ಮೂವತ್ತು ವರ್ಷ ಕುಂಟನೆಂದೇ ಕರೆದಿತ್ತು. ಹಿಂದಿನ ಚಳಿಗಾಲ ಅವನು ಕಾರ್ ರೇಸಿನ ಸುತ್ತೊಂದನ್ನು ಅರವತ್ತನಾಲ್ಕು ಸೆಕೆಂಡಿನಲ್ಲಿ ಮುಗಿಸಿ, ಪರದೆಯ ಫೋಟೋ ತೆಗೆದು ಅಥೆನ್ಸಿನ ಪತ್ರಿಕೆಗೆ ಕಳಿಸಿದ. ದೇಶಕ್ಕೇ ಮೊದಲಿಗನೆಂದು ಹೆಸರು ಅಚ್ಚಾಯಿತು. ಅಂದಿನಿಂದ ಬೀದಿಗೆ ಅವನು ಚಾಂಪಿಯನ್.

ಅಕ್ಟೋಬರಿನ ಒಂದು ಗುರುವಾರ ಪತ್ರಿಕೆಯವರ ಕಾಗದ ಬಂತು. ಪಂದೇಲಿಸ್ ಅದನ್ನು ಅಂಗಡಿಯಲ್ಲಿ ಗಟ್ಟಿಯಾಗಿ ಓದಿದ: ಶನಿವಾರ ಅಥೆನ್ಸಿನಲ್ಲಿ ಪಂದ್ಯ, ಜಪಾನಿನ ಯಂತ್ರಗಳ ಮೇಲೆ.

ಪಕ್ಕದ ಕ್ಷೌರಿಕ ಸ್ಟೆರ್ಗಿಯೋಸ್ ಬಾಗಿಲಲ್ಲೇ ನಿಂತು ಕೇಳಿಸಿಕೊಂಡ. "ಕೂದಲು ಕತ್ತರಿಸ್ಕೊಂಡು ಹೋಗಪ್ಪ ಚಾಂಪಿಯನ್. ಈ ತಲೆ ನೋಡಿದ್ರೆ ಕುರಿ ಮೇಯಿಸೋಕೆ ಬಂದವನು ಅಂದ್ಕೋತಾರೆ."

ಪಂದೇಲಿಸ್ ನಕ್ಕ. ಸ್ಟೆರ್ಗಿಯೋಸ್ ಹೋದ ಮೇಲೆ ಅಸಿಮಿನಾ ಬಾಗಿಲು ಮುಂದೆ ಮಾಡಿದಳು. ಗಿರಾಕಿಯೊಬ್ಬರ ಯಂತ್ರಕ್ಕೆ ತಮ್ಮನ ರೇಸಿನ ಆಟ ಹಾಕಿ, ಸ್ವಿಚ್ಚು ಒತ್ತಿದಳು.

"ಇದರಲ್ಲೊಮ್ಮೆ ಆಡು."

ಮೊದಲ ತಿರುವಿನಲ್ಲೇ ಕಾರು ಗೋಡೆಗೆ ಬಡಿಯಿತು. ಎರಡನೆಯ ಸಲವೂ.

"ಅಕ್ಕಾ, ಇದು ಕೆಟ್ಟಿದೆ. ಯಾರೋ ಅಟ್ಟಿಸ್ಕೊಂಡು ಬಂದ ಹಾಗೆ ಓಡ್ತಿದೆ."

"ಇದು ಸರಿಯಾಗೇ ಇದೆ ಕಣೋ. ನಿಧಾನ ಇರೋದು ನಮ್ಮದು. ಗಡಿಯಾರಾನೂ."

ಅವನು ಮತ್ತೆ ಆಡಿದ. ಅವನ ಬೆರಳು ಪ್ರತಿ ತಿರುವಿಗೂ ಒಂದು ಉಸಿರಿನಷ್ಟು ತಡವಾಗಿ ತಲುಪುತ್ತಿತ್ತು. ಎಪ್ಪತ್ತೊಂಬತ್ತು ಸೆಕೆಂಡು.

"ನಿನಗೆ ಯಾವಾಗ ಗೊತ್ತಾಯ್ತು?"

"ಬೇಸಿಗೇಲಿ."

"ಬೇಸಿಗೇಲೇ ಹೇಳಿದ್ರೆ ಮೂರು ತಿಂಗಳು ಕಲೀತಿದ್ದೆ."

"ಹೇಗೆ ಹೇಳಲೋ? ನೀನು ಅಷ್ಟು ಖುಷಿಯಾಗಿದ್ದೆ."

"ಕುಂಟನಿಗೆ ಇಷ್ಟು ಸಾಕು ಅಂತ ನೀನು ಅಂದ್ಕೊಂಡೆ."

ಅವಳು ಯಂತ್ರ ಆರಿಸಲು ಕೈ ಚಾಚಿದಳು.

"ನನ್ನ ಯಂತ್ರಕ್ಕೂ ಸ್ವಿಚ್ಚು ಹಾಕು," ಎಂದ.

ಹಾಕಿಕೊಟ್ಟಳು. ಶುಕ್ರವಾರವಿಡೀ ಆಡಿದ. ಎಪ್ಪತ್ತಾರಕ್ಕಿಂತ ಕೆಳಗೆ ಇಳಿಯಲಿಲ್ಲ.

ಶನಿವಾರ ಬೆಳಗ್ಗೆ ಬಸ್ ನಿಲ್ದಾಣದಲ್ಲಿ ಅವಳು ಕೇಳಿದಳು, "ಹೋಗ್ಲೇಬೇಕಾ? ಜ್ವರ ಅಂತ ಫೋನ್ ಮಾಡ್ತೀನಿ."

"ಇನ್ನೂ ಎಷ್ಟು ಮುಚ್ಚಿಡ್ತೀಯ? ಆಡೋಕೆ ಮುಂಚೆ ಪತ್ರಿಕೆಯವರಿಗೆ ನಾನೇ ಹೇಳ್ತೀನಿ, ಅದು ನಿಧಾನದ ಗಡಿಯಾರದ್ದು, ಆ ಅರವತ್ತನಾಲ್ಕು ಹೊಡೆದು ಹಾಕಿ ಅಂತ."

"ನಾನೂ ಬರ್ತೀನಿ ಕಣೋ."

"ಬೇಡ ಅಕ್ಕಾ. ನೀನು ಜೊತೆಗಿದ್ರೆ ಹೇಳೋಕಾಗಲ್ಲ."

ಅವಳು ತೋಳು ಹಿಡಿಯುವ ಮೊದಲೇ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿದ. ಅವಳು ನಿಂತ ಬದಿಯ ಕಿಟಕಿಯ ಸೀಟು ಖಾಲಿಯಿತ್ತು. ಅವನು ಆಚೆ ಬದಿಗೆ ಹೋಗಿ ಕೂತ.