ಒಂದು ವಾಯರಿನ ಗೂಟ

ನಮ್ಮವರ ಹೆಸರು ವಿರೂಪಾಕ್ಷ. ಕುಂತಲ್ಲಿ ಕೂಡಲಾರರು, ನಿಂತಲ್ಲಿ ನಿಲ್ಲಲಾರರು. ಊಟಕ್ಕೆ ಕುಳಿತರೂ ಎರಡನೆಯ ರೊಟ್ಟಿಯನ್ನು ಕೈಯಲ್ಲೇ ಹಿಡಿದು ಬಾಗಿಲಿಗೆ ಹೋಗಿ ಓಣಿ ನೋಡಿ ಬರುತ್ತಾರೆ. “ಹೊಟ್ಟ್ಯಾಗಿದ್ದಾಗನೂ ಹಿಂಗ ಒದ್ದಾಡತಿದ್ದ,” ಎನ್ನುತ್ತಾರೆ ನಮ್ಮ ಅತ್ತೆ ತಂಗೆವ್ವ. ಇಂಥವರ ಜೊತೆ ಸಂಸಾರ ಮಾಡುವುದೆಂದರೆ ಓಡುವ ಬಸ್ಸಿನಲ್ಲಿ ಚಹಾ ಸೋಸಿದಂತೆ.

ಸಂಗೊಳ್ಳಿಯ ಹೊಲವನ್ನು ಅಣ್ಣನಿಗೆ ಬಿಟ್ಟು ನವಿಲುತೀರ್ಥದಲ್ಲಿ ಕಾಲುವೆ ಕೆಲಸ ನೋಡಿಕೊಂಡರು. ನೇಸರಗಿಯಲ್ಲಿ ಮೊಬೈಲ್ ಅಂಗಡಿ ಇಟ್ಟರು, ಮುಚ್ಚಿದರು. ನಡುವೆ ಕೊಲ್ಹಾಪುರ, ಗೋವಾ. ಹೋಗುವಾಗ “ಬರತೇನಿ” ಎನ್ನುತ್ತಿದ್ದರೇ ಹೊರತು ಯಾವಾಗ ಎಂದು ಹೇಳುತ್ತಿರಲಿಲ್ಲ. ಗೋವಾದಿಂದ ಬಂದಾಗ ಮಗಳನ್ನು ತೊಟ್ಟಿಲಿಗೆ ಹಾಕಿ ಆಗಿತ್ತು. ಅದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ.

ಕೊನೆಗೆ ಅವರನ್ನು ಹಿಡಿದದ್ದು ಮದುವೆಯ ವಿಡಿಯೋ ಕೆಲಸ. ಬೈಲಹೊಂಗಲದಲ್ಲಿ ಬಾಡಿಗೆ ಮನೆ ಮಾಡಿದೆವು. ಸವದತ್ತಿ, ಕಿತ್ತೂರು, ರಾಮದುರ್ಗ, ಎಲ್ಲಿ ಹಂದರ ಹಾಕಿದರೂ ಇವರ ಕ್ಯಾಮೆರಾ ಅಲ್ಲಿ. ತಿರುಗಾಡುವ ಕೆಲಸ, ಅವರ ಕಾಲಿಗೆ ಹೇಳಿ ಮಾಡಿಸಿದಂತಿತ್ತು. ಲ್ಯಾಪ್‌ಟಾಪನ್ನಂತೂ ಕ್ಷಣ ಬಿಡುತ್ತಿರಲಿಲ್ಲ. ಮಲಗುವಾಗಲೂ ಅದರ ಚೀಲ ತಲೆದಿಂಬಿನ ಪಕ್ಕದಲ್ಲೇ.

ಆದರೆ ಹೊಸ ಕ್ಯಾಮೆರಾದ ದೊಡ್ಡ ದೊಡ್ಡ ವಿಡಿಯೋಗಳನ್ನು ಆ ಲ್ಯಾಪ್‌ಟಾಪ್ ಹೊರಲಾರದಾಯಿತು. ಮಾಲೆ ಎತ್ತಿದ ವರ ಎತ್ತಿದಲ್ಲೇ ನಿಲ್ಲುವನು, ಅಕ್ಷತೆ ಗಾಳಿಯಲ್ಲೇ ತೂಗುವುದು. ಇವರು ಎದ್ದು ಓಣಿ ತುದಿಗೆ ಹೋಗಿ ಬಂದರೂ ಮಾಲೆ ಬಿದ್ದಿರುತ್ತಿರಲಿಲ್ಲ. ಅಷ್ಟರಲ್ಲಿ ಪುಣೆಯ ಗೆಳೆಯನೊಬ್ಬ ಫೋನ್ ಮಾಡಿದ: ಇಲ್ಲಿ ಸ್ಟುಡಿಯೋದಲ್ಲಿ ದೊಡ್ಡ ಮಷೀನು ಇವೆ, ಬಂದುಬಿಡು. ಮರುದಿನವೇ ಬಟ್ಟೆಯ ಚೀಲ ತುಂಬಿ ಗೋಡೆಯ ಮೊಳೆಗೆ ತೂಗಿತು.

“ಇಲ್ಲೇ ಒಂದ ದೊಡ್ಡ ಕಂಪ್ಯೂಟರ್ ತರ್ರಿ,” ಎಂದೆ.

“ಅದನ್ನ ಎತ್ಕೊಂಡು ತಿರಗಾಕ ಬರತೈತೇನ? ಕಾಲಿಗೆ ಕಲ್ಲ ಕಟ್ಟಿದಂಗ ಆಗತೈತಿ.”

ನಾನು ಮೊಬೈಲಿನಲ್ಲಿ ಹುಡುಕುತ್ತ ಕುಳಿತೆ. ಒಂದು ಡಬ್ಬಿ ಬರುತ್ತದಂತೆ. ಅದರೊಳಗೆ ಗ್ರಾಫಿಕ್ಸ್ ಕಾರ್ಡ್ ಕೂರಿಸಿ, ಒಂದೇ ವಾಯರಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿದರೆ ಚಿತ್ರದ ಭಾರವೆಲ್ಲ ಆ ಕಾರ್ಡೇ ಹೊರುತ್ತದೆ. ಮುಂದೆ ದೊಡ್ಡ ಮಾನಿಟರ್. ವಾಯರ್ ಬಿಚ್ಚಿದರೆ ಲ್ಯಾಪ್‌ಟಾಪ್ ಮೊದಲಿನಂತೆ ಬಗಲಿಗೆ. ನಮ್ಮ ಲ್ಯಾಪ್‌ಟಾಪಿಗೆ ಅದು ಕೂಡುತ್ತದೆಂದು ಕಂಪ್ಯೂಟರ್ ರಿಪೇರಿಯ ಬಾಳೇಶನನ್ನು ಕೇಳಿ ಖಾತ್ರಿ ಮಾಡಿಕೊಂಡೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಲ್ಯಾಪ್‌ಟಾಪ್ ಎಲ್ಲಿ ಬೇಕಾದರೂ ಮೇಯ್ದು ಬರಲಿ, ದುಡಿಯಬೇಕೆಂದರೆ ಮನೆಗೇ ಬರಬೇಕು. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ.

“ಇದ ನಡೀಲಿಲ್ಲಂದ್ರ ಪುಣೇಕ್ಕ ಹೋಗ್ರಿ. ಬುತ್ತಿ ನಾನ ಕಟ್ಟಿಕೊಡತೇನಿ,” ಎಂದೆ. ಒಪ್ಪಿದರು. ಚೀಲ ಮಾತ್ರ ಮೊಳೆಯಿಂದ ಇಳಿಯಲಿಲ್ಲ.

ಪಾರ್ಸಲ್ ಬಂದ ಬೆಳಿಗ್ಗೆ ಎಲ್ಲವನ್ನೂ ಬಿಚ್ಚಿ ಮೇಜಿನ ಮೇಲೆ ಹರಡಿ, ಪ್ಲಗ್ಗಿಗೆ ಬೋರ್ಡ್ ಸಾಲದೆಂದು ಪೇಟೆಗೆ ಓಡಿದರು. ನಾನು ಒಲೆಯ ಮುಂದಿದ್ದೆ. ಬಂದವರೇ ಕಾರ್ಡನ್ನು ಡಬ್ಬಿಯಲ್ಲಿ ಒತ್ತಿ ಕೂರಿಸಿ ವಾಯರ್ ಹಚ್ಚಿದರು. ಡಬ್ಬಿಯ ಫ್ಯಾನ್ ತಿರುಗಿತು. ಮಾನಿಟರ್ ಮಾತ್ರ ಕಪ್ಪಗೆ. ಸಿಗ್ನಲ್ ಇಲ್ಲ ಎಂಬ ಅಕ್ಷರ ಆ ಮೂಲೆಯಿಂದ ಈ ಮೂಲೆಗೆ ಅಲೆಯುತ್ತಿತ್ತು, ಥೇಟ್ ನಮ್ಮವರ ಹಾಗೆ.

ಸಾಫ್ಟ್‌ವೇರ್ ಹಾಕಿದರು, ತೆಗೆದರು. ಕೇಬಲ್ ಬದಲಿಸಿದರು. ಬಾಳೇಶನಿಗೆ ಫೋನ್ ಮಾಡಿದರು. ಚಪ್ಪಲಿ ಮೆಟ್ಟಿ ಹೊರಗೆ ಹೋದರು, ಬಿಟ್ಟು ಒಳಗೆ ಬಂದರು. ಮಧ್ಯಾಹ್ನದ ಹೊತ್ತಿಗೆ ಅವರ ಮುಖ ನೋಡಿದರೇ ತಿಳಿಯುವಂತಿತ್ತು.

“ಆತ ಬಿಡು. ನನ್ನ ನಸೀಬದಾಗ ಪುಣೆನ ಐತಿ. ಸಂಜೀ ಗಾಡಿಗೆ ಸೀಟ್ ಕೇಳಿ ಬರತೇನಿ,” ಎಂದು ಬಸ್‌ಸ್ಟ್ಯಾಂಡಿಗೆ ಹೊರಟರು.

ನನಗೆ ಮೈಯೆಲ್ಲ ಉರಿಯಿತು. ಯಾರ ಮೇಲೆಂದು ಗೊತ್ತಾಗದೆ ಹಿಟ್ಟನ್ನೇ ನಾದಿದೆ, ಬುತ್ತಿಯ ರೊಟ್ಟಿಗೆ. ಅಷ್ಟರಲ್ಲಿ ಅತ್ತೆ ಒಳಗೆ ಬಂದರು. ಬೆಳಿಗ್ಗೆಯಿಂದ ಅವರು ಒಂದು ತುತ್ತೂ ತಿಂದಿರಲಿಲ್ಲ.

“ಗಂಗಾ, ಅದಕ್ಕ ನಾ ಪೂಜೆ ಮಾಡಿದ್ದೆ. ಅದರಿಂದ ಏನರ ಆತೇನವಾ?”

“ಎದಕ್ಕ ಪೂಜೆ?”

“ಅದ, ಆ ಹೊಸಾದಕ್ಕ. ಅಂವ ಪ್ಯಾಟಿಗೆ ಹೋದಾಗ. ಹಣೀ ಎಲ್ಲೈತಿ ಅಂತ ನೋಡಿದೆ. ಒಂದ ಕಡೆ ಬಂಗಾರದ ಸಾಲ ಇತ್ತಲ್ಲ, ಅದ ಹಣೀ ಇರಬೇಕಂತ ವಿಭೂತಿ ಹಚ್ಚಿದೆ.”

ಕಾರ್ಡಿನ ಅಂಚಿನ ಆ ಬಂಗಾರದ ಹಲ್ಲುಗಳೇ ಡಬ್ಬಿಯೊಳಗೆ ಕೂಡುವ ಜಾಗ. ಸಿಟ್ಟು ಬಂತು, ನಗು ಬಂತು, ಎರಡಕ್ಕಿಂತ ಹೆಚ್ಚಾಗಿ ಹೆದರಿಕೆ ಬಂತು. ಇಷ್ಟರಲ್ಲಿ ಸೀಟು ಸಿಕ್ಕೇ ಬಿಟ್ಟಿದ್ದರೆ?

ಕರೆಂಟ್ ಬಂದ್ ಮಾಡಿ, ನಮ್ಮವರು ಮಾಡುವುದನ್ನು ನೋಡಿದ್ದ ನೆನಪಿನಲ್ಲೇ ಕೊಂಡಿ ಒತ್ತಿ ಕಾರ್ಡನ್ನು ಎಳೆದೆ. ನೀರಿನಲ್ಲಿ ಕಲಸಿ ಹಚ್ಚಿದ ವಿಭೂತಿ ಸುಣ್ಣದಂತೆ ಒಣಗಿ ಕೂತಿತ್ತು. ಮಗಳ ಕಂಪಾಸಿನ ರಬ್ಬರಿನಿಂದ ಬಂಗಾರ ಹೊಳೆಯುವವರೆಗೂ ತಿಕ್ಕಿದೆ. ಡಬ್ಬಿಯ ಸಂದಿಯನ್ನು ಹಲ್ಲುಜ್ಜುವ ಹೊಸ ಬ್ರಶ್ಶಿನಿಂದ ಕೆದರಿ ಊದಿದೆ. ಅತ್ತೆ ಸೆರಗು ಬಾಯಿಗಿಟ್ಟು ನಿಂತಿದ್ದರು. ಕಾರ್ಡನ್ನು ಮತ್ತೆ ಒತ್ತಿ ಕೂರಿಸಿ ವಾಯರ್ ಹಚ್ಚಿ ಕರೆಂಟ್ ಹಾಕಿದೆ. ಮಾನಿಟರ್ ಒಮ್ಮೆ ಕಣ್ಣು ಮಿಟುಕಿಸಿ ಪೂರಾ ಬೆಳಗಿತು.

ಬಸ್‌ಸ್ಟ್ಯಾಂಡಿನಿಂದ ಬಂದ ನಮ್ಮವರು ಬಾಗಿಲಲ್ಲಿ ಒಂದು ಚಪ್ಪಲಿ ಬಿಟ್ಟು ಇನ್ನೊಂದನ್ನು ಮೆಟ್ಟಿಕೊಂಡೇ ಒಳಗೆ ಬಂದರು. ಕುಳಿತು ಸವದತ್ತಿಯ ಮದುವೆಯನ್ನು ತೆರೆದರು. ಎಷ್ಟೋ ದಿನದಿಂದ ಕೈ ಎತ್ತಿ ನಿಂತಿದ್ದ ವರ ಕೊನೆಗೂ ಮಾಲೆ ಹಾಕಿದ. ಯಾವಾಗಲೂ ಕುಣಿಯುವ ಅವರ ಮೊಣಕಾಲು ನಿಂತಿತು.

“ಏನಾಗಿತ್ತ?” ಎಂದರು.

ನಾನು ಸುಳ್ಳೊಂದನ್ನು ಹೊಂದಿಸುತ್ತಿದ್ದೆ. ಅತ್ತೆ ಬಿಡಲಿಲ್ಲ.

“ನಾನ ವಿಭೂತಿ ಹಚ್ಚಿದ್ದೆ. ಹೊಸ ಎತ್ತ ಮನಿಗೆ ಬಂದ್ರ ಹಣಿಗೆ ಹಚ್ಚೇ ಗೂಟಕ್ಕ ಕಟ್ಟತೇವಲ್ಲ. ಗೂಟಕ್ಕ ನಿಲ್ಲಲಿ ಅಂತ ಬೇಡಿಕೊಂಡೆ.”

ನಮ್ಮವರು ನಕ್ಕರು. “ಈ ಡಬ್ಬಿ ಎಲ್ಲಿ ಓಡಿ ಹೋಗತಿತ್ತ ಯವ್ವಾ?”

“ಡಬ್ಬಿ ಅಲ್ಲೋ ತಮ್ಮಾ,” ಎಂದರು ಅತ್ತೆ. “ನೀನು.”

ಅವರ ನಗು ಅಲ್ಲೇ ಇಂಗಿತು. ಮಾನಿಟರಿನತ್ತ ತಿರುಗಿ ಸವದತ್ತಿಯ ಮದುವೆಯ ಕೆಲಸಕ್ಕೇ ಕೈಹಚ್ಚಿದರು. ಸಂಜೆಯ ಬಸ್ಸಿನ ಹೊತ್ತು ಮೀರಿತು. ಬುತ್ತಿಯ ರೊಟ್ಟಿಯನ್ನು ಮನೆಯಲ್ಲೇ ಉಂಡೆವು.

ಮರುದಿನ ರಾಮದುರ್ಗದ ಮದುವೆ. ಕ್ಯಾಮೆರಾ ಒಂದನ್ನೇ ಹೆಗಲಿಗೆ ಹಾಕಿಕೊಂಡು ಹೊರಟರು. ಲ್ಯಾಪ್‌ಟಾಪ್ ಮೇಜಿನ ಮೇಲೇ ಇತ್ತು, ವಾಯರಿಗೆ ಕಟ್ಟಿಕೊಂಡು.

“ಸವದತ್ತಿ ವಿಡಿಯೋ ತಯಾರ ಆಗಾಕ ಹತ್ತೈತಿ. ಯಾರೂ ವಾಯರ್ ಮುಟ್ಟಬ್ಯಾಡ್ರಿ,” ಎಂದು ಮೆಟ್ಟಿಲು ಇಳಿದವರು ತಿರುಗಿ ನಿಂತರು. “ಸಂಜೀಕ ಬರತೇನಿ.”

ಅತ್ತೆ ದಿನವಿಡೀ ಆ ವಾಯರಿನ ಪಕ್ಕದಲ್ಲೇ ಕುಳಿತಿದ್ದರು, ಬೆಕ್ಕನ್ನೂ ಹತ್ತಿರ ಬಿಡಲಿಲ್ಲ. ನಾನು ಅವರನ್ನು ನೋಡಿ ನಗಲಿಲ್ಲ. ಕೆಲಸದ ನಡುವೆ ನಾನೂ ಆಗಾಗ ಹೋಗಿ ನೋಡಿ ಬರುತ್ತಿದ್ದೆ.