ಬಚ್ಚಲೊಲೆಯ ಪಕ್ಕದ ಫರಸಿ

ನಮ್ಮ ತಾಂಡೂರಿನಲ್ಲಿ ಮನೆಗೆ ಬಂದವರು ಗೋಡೆಯ ಬಣ್ಣ ನೋಡುವುದಿಲ್ಲ, ಚಪ್ಪಲಿ ಬಿಟ್ಟ ಕೂಡಲೇ ನೆಲ ನೋಡುತ್ತಾರೆ. ಅಪ್ಪ ಕಲ್ಲಿನ ವ್ಯಾಪಾರಿ. ನಮ್ಮ ಮನೆಯ ನೆಲಕ್ಕೆ ಹಾಸಿದ ಒಂದೊಂದು ಫರಸಿ ಕಲ್ಲನ್ನೂ ಗಣಿಯಲ್ಲಿ ನಿಂತು, ಬೆರಳಿನಿಂದ ಬಡಿದು, ಸದ್ದು ಕೇಳಿ ಆರಿಸಿ ತಂದವರು. ಬೇಸಿಗೆಯಲ್ಲಿ ಆ ನೆಲ ಸ್ವರ್ಗ. ಚಳಿಗಾಲದಲ್ಲಿ ಮಾತ್ರ ಅವ್ವನ ಮೊಣಕಾಲಿಗೆ ವೈರಿ. ಹೋದ ವರ್ಷ ಅವಳು ನೆಲ ಬಿಟ್ಟು ಕುರ್ಚಿಯ ಮೇಲೆ ಕೂತು ಲಿಂಗಪೂಜೆ ಮಾಡತೊಡಗಿದಳು. ಎದ್ದು ಬಂದಾಗ ಮುಖದಲ್ಲಿ ಗೆಲುವೇ ಇರುತ್ತಿರಲಿಲ್ಲ.

"ಖುರ್ಚಿ ಮ್ಯಾಲ ಕೂತ್ರ ಬಸ್ಸಿಗಿ ಕಾದಂಗ ಆಗ್ತದ ಯವ್ವಾ, ಪೂಜಿ ಮಾಡ್ದಂಗ ಆಗಲ್ಲ," ಅಂದಳು.

ನನಗೆ ಹಟ ಹತ್ತಿತು. ಭೂಮಿಯೊಳಗಿನ ಶಾಖದಿಂದ ಮನೆಯ ನೆಲವನ್ನು ಬೆಚ್ಚಗಿಡಬಹುದೆಂದು ಓದಿ ಒಬ್ಬ ಎಂಜಿನಿಯರನ್ನು ಕರೆಸಿದೆ. ಆಳಕ್ಕೆ ಬೋರು ಕೊರೆಯಬೇಕು, ಪಂಪು ಕೂರಿಸಬೇಕು, ನೆಲದಡಿ ಪೈಪು ಹಾಸಬೇಕು. ಖರ್ಚು, ಕಾಲೇಜಿನಲ್ಲಿ ಪಾಠ ಹೇಳುವ ನನ್ನ ಮೂರು ವರ್ಷದ ಸಂಬಳ. ಆದರೂ ಆಗಲಿ ಎಂದೆ. ಆಗ ಆತ, ಇದ್ದ ಫರಸಿಯನ್ನೆಲ್ಲ ಕೀಳಬೇಕು, ಅರ್ಧದಷ್ಟು ಒಡೆದೇ ಹೋಗುತ್ತವೆ ಎಂದ.

ನಾನು ಅಪ್ಪನ ಕಡೆ ನೋಡಿದೆ. ಆ ನೆಲದ ಮೇಲೆ ಡಬ್ಬಿ ಎಳೆದರೂ ಬೈಯುವ ಮನುಷ್ಯ. ಬಗ್ಗಿ ಕಾಲಬುಡದ ಫರಸಿಯನ್ನೊಮ್ಮೆ ಬೆರಳಿನಿಂದ ಬಡಿದು, "ಕೀಳ್ರಿ," ಅಂದರು. "ಅಕಿ ಕೆಳಗ ಕೂಡಬೇಕು, ಅಷ್ಟೇ."

ಅವ್ವ ಅಡುಗೆಮನೆಯಿಂದಲೇ ಸಿಡಿದಳು. "ಎರಡು ತಿಂಗಳ ಥಂಡಿಗಿ ಮನಿ ಅಗೀತೀರೇನ್ರಿ? ಫರಸಿ ಮುಟ್ಟಬ್ಯಾಡ್ರಿ!"

ಎಂಜಿನಿಯರ್ ಚಹಾ ಕುಡಿದು ಹೋದ.

ಮರುದಿನ ಬೆಳಿಗ್ಗೆ ಬಚ್ಚಲಿನಿಂದ ಫಟ್ ಎಂಬ ಸದ್ದು. ಓಡಿಹೋದರೆ, ನೀರು ಕಾಯಿಸುವ ಒಲೆಯ ಮುಂದೆ ಅಪ್ಪ ಕೂತಿದ್ದರು. ಬೆಂಕಿಯಲ್ಲಿ ಒಂದು ಸಣ್ಣ ಫರಸಿ ಎರಡು ಹೋಳಾಗಿ ಬಿದ್ದಿತ್ತು. ಜೀವಮಾನವಿಡೀ ಕಲ್ಲು ಮಾರಿದವರು, ಉರಿಗೆ ಅದು ಸಿಡಿಯುತ್ತದೆಂಬುದನ್ನೇ ಮರೆತು ಕಲ್ಲನ್ನು ಉರಿಯ ಮೇಲೆ ಇಟ್ಟಿದ್ದರು! ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

"ಯಾರಿಗೂ ಹೇಳಬ್ಯಾಡ, ಬಜಾರದಾಗ ನನ್ನ ಇಜ್ಜತ್ ಹೋಗ್ತದ," ಅಂದರು.

ಮಾರನೆಯ ದಿನ ಇನ್ನೊಂದು ಫರಸಿ ಉರಿಯ ಗೊಡವೆಗೆ ಹೋಗದೆ ಒಲೆಯ ಪಕ್ಕದಲ್ಲಿ ಕಾಯಿತು. ಅವ್ವನ ಸ್ನಾನ ಮುಗಿಯುವಷ್ಟರಲ್ಲಿ ಅಪ್ಪ ಅದನ್ನು ಕಂಬಳಿಯಲ್ಲಿ ಸುತ್ತಿ, ಎದೆಗವಚಿಕೊಂಡು ಬಂದು ಪೂಜೆಯ ಜಾಗದಲ್ಲಿ ಇಟ್ಟರು. ಅಲ್ಲಿಯವರೆಗೆ ಒಂದು ಲೋಟ ನೀರನ್ನೂ ತಾವೇ ತಂದುಕೊಂಡವರಲ್ಲ.

ಅವ್ವ ಮೆಲ್ಲಗೆ ಅದರ ಮೇಲೆ ಕೂತಳು. ಅಂಗೈಯಲ್ಲಿ ಲಿಂಗ ಹಿಡಿದು ಕಣ್ಣು ಮುಚ್ಚಿದಳು. ಪೂಜೆ ಮುಗಿದಾಗಲೂ ಅಪ್ಪ ಬಾಗಿಲಲ್ಲೇ ನಿಂತಿದ್ದರು.

"ಏಳಾಕ ಕೈ ಹಿಡೀಲೇನು?" ಅಂದರು.

"ಈಗ್ಯಾಕ ಏಳಬೇಕ್ರಿ?" ಅಂದಳು ಅವ್ವ, ಕಾಲು ಇನ್ನಷ್ಟು ಮಡಿಚಿಕೊಂಡು. "ಚಹಾ ಇಲ್ಲೇ ತಗೊಂಡ್ ಬರ್ರಿ."

ಅಪ್ಪ ತಂದುಕೊಟ್ಟರು.