ವಲ್ಲಿಯ ಕೆಳಗಿನ ಕೈ

ಗಜೇಂದ್ರಗಡದ ಶಾಲೆಯಲ್ಲಿ ನಮಗೆ ವ್ಯಾಪಾರ ಕಲಿಸುತ್ತಿದ್ದ ಮಾಸ್ತರರ ಹೆಗಲ ಮೇಲಿನ ವಸ್ತ್ರ, ಆ ವಲ್ಲಿ, ಎಷ್ಟು ಅಗಲವೆಂದರೆ, ಅದರಡಿ ನರೇಗಲ್ ಸಂತೆಯೇ ಕೂಡಬಹುದಿತ್ತು. ಸಂತೆಯಲ್ಲಿ ದನದ ದರವನ್ನು ಬಾಯಲ್ಲಿ ಹೇಳುವುದಿಲ್ಲ. ವಲ್ಲಿಯ ಮರೆಯಲ್ಲಿ ಕೈ ಹಿಡಿದು, ಬೆರಳು ಒತ್ತಿ ತಿಳಿಸುತ್ತಾರೆ. “ಬೆರಳಿಗೆ ಕಿವಿ ಇರಬೇಕ್ರೆಪಾ,” ಎನ್ನುವುದು ಮಾಸ್ತರರ ನಿತ್ಯದ ಮಾತು.

ಒಂದು ದಿನ, ಬಾಗಿಲ ಹೊರಗೆ ಕೂಡುತ್ತಿದ್ದ ಹೊಲಗೇರಿಯ ಹುಡುಗನನ್ನು ಒಳಗೆ ಕರೆದು ನನಗೆ ಜೋಡಿ ಮಾಡಿ, ನಮ್ಮಿಬ್ಬರ ಕೈಗಳ ಮೇಲೆ ತಮ್ಮ ವಲ್ಲಿ ಹೊದಿಸಿದರು. ಸುದ್ದಿ ಕೇಳಿ ಪೇಟೆಯಿಂದ ಅಪ್ಪನ ಹೊಟ್ಟೆ ಮೊದಲು ಬಂತು, ಅಪ್ಪ ಆಮೇಲೆ ಬಂದ.

“ಮಾಸ್ತರ, ಅವರ ಕೈ ಯಾರೂ ಹಿಡಿಯಂಗಿಲ್ರಿ. ಅವರಿಗೆ ದರ ಕೂಗಿ ಹೇಳ್ತೀವಿ.”

“ಅದನ್ನ ಎಲ್ಲಾರೂ ಕೇಳ್ತಾರ್ರಿ ಸಾವ್ಕಾರ್ರ. ಆಮ್ಯಾಲ ಅವರ ದನಕ್ಕ ಹೆಚ್ಚಿಗಿ ಯಾರೂ ಕೊಡಂಗಿಲ್ಲ.”

ಅಪ್ಪ ನನ್ನ ರಟ್ಟೆ ಹಿಡಿದು ಎಳೆದ. ವಲ್ಲಿಯ ಕೆಳಗೆ ಆ ಹುಡುಗ ಆಗಲೇ ನನ್ನ ಕೈ ಬಿಟ್ಟಿದ್ದ. ನಾನು ತಡಕಾಡಿ ಮತ್ತೆ ಹಿಡಿದೆ.